ಕೌದಿ ನಡುವೆ ಉಬ್ಬು ಬಂದಿದೆ, ಪೂರ್ತಿ ಬಿಚ್ಚಬೇಕಾ?

ಚಿಂತಾಮಣಿ ಸೂಜಿ:

ಎಲ್ಲರಿಗೂ ನಮಸ್ಕಾರ. ತಂಗಿಗೆ ಹೆಣ್ಣು ಮಗು ಆಗಿದೆ. ಮುಂದಿನ ತಿಂಗಳು ನಾಮಕರಣ. ತೀರಿಹೋದ ನಮ್ಮ ಅಜ್ಜಿಯ ಕಾಟನ್ ಸೀರೆಗಳು ಟ್ರಂಕಿನಲ್ಲಿ ಇದ್ದವು. ಅವುಗಳಲ್ಲೇ ಮಗುವಿಗೆ ಒಂದು ಕೌದಿ ಹೊಲಿದು ಕೊಡೋಣ ಅಂತ ಶುರು ಮಾಡಿದೆ. ನಮ್ಮ ಕಡೆ ಇದಕ್ಕೆ ಬೊಂತ ಅಂತಾರೆ. ಅಜ್ಜಿ ಇದ್ದಾಗ ಮನೆಯಲ್ಲಿ ನಾಲ್ಕೈದು ಬೊಂತ ಇದ್ದವು, ಈಗ ಒಂದೂ ಇಲ್ಲ.

ಅಳತೆ 36 ಇಂಚು ಅಗಲ, 48 ಇಂಚು ಉದ್ದ. ಮೇಲೆ 6 ಇಂಚಿನ ಚೌಕ ತುಂಡುಗಳು, ಒಟ್ಟು 48. ಒಳಗೆ ಹಳೆಯ ಸೀರೆಯ ಮೂರು ಪದರ. ಕೆಳಗೆ ಹೊಸ ಬಿಳಿ ಕಾಟನ್. ಅಜ್ಜಿ ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವೆ ಬಂದು ಮುಗಿಸುತ್ತಿದ್ದದ್ದು ಚೆನ್ನಾಗಿ ನೆನಪಿದೆ. ನಾನೂ ಹಾಗೇ ಮಾಡಿದೆ, ಆದರೆ ಮೆಷಿನ್‌ನಲ್ಲಿ. ಒಂದೂವರೆ ಇಂಚಿಗೆ ಒಂದು ಸುತ್ತು. ಒಂಬತ್ತನೇ ಸುತ್ತಿಗೆ ಬರುವಾಗ ನಡುವೆ ಬಟ್ಟೆ ಪೂರಿ ಥರ ಉಬ್ಬಿದೆ. ಕೈಯಲ್ಲಿ ಒತ್ತಿದರೆ ಪಕ್ಕಕ್ಕೆ ಹೋಗುತ್ತದೆ, ಬಿಟ್ಟರೆ ಮತ್ತೆ ಏಳುತ್ತದೆ. ಹಿಂದೆ ತಿರುಗಿಸಿ ನೋಡಿದರೆ ಬಿಳಿ ಬಟ್ಟೆಯಲ್ಲಿ ಎರಡು ಕಡೆ ಮಡಿಕೆ ಸೇರಿಕೊಂಡಿದೆ. ಮಧ್ಯೆ ಮಧ್ಯೆ ದಾರ ಗುಪ್ಪೆ ಗುಪ್ಪೆಯಾಗಿದೆ. ಎರಡು ಸೂಜಿ ಮುರಿದವು.

ಎಲ್ಲಿ ತಪ್ಪಾಯ್ತು? ಪೂರ್ತಿ ಬಿಚ್ಚಲೇಬೇಕಾ? ಆ ಸೀರೆಗಳು ಮತ್ತೆ ಸಿಗುವಂಥವಲ್ಲ, ಅದಕ್ಕೇ ಭಯ.

ತುಮಕೂರು ಟೈಲರ್:

ಅಮ್ಮಾ, ಮೊದಲು ಇಷ್ಟು ಹೇಳಿ. ಮೆಷಿನ್ ಯಾವ ಥರದ್ದು? ಸೂಜಿ ಎಷ್ಟನೇ ನಂಬರ್? ಹೊಲಿಯುವ ಮೊದಲು ಪದರಗಳನ್ನು ಹೇಗೆ ಸೇರಿಸಿದಿರಿ? ಅಂಚಿಗೆ ಪಟ್ಟಿ ಕೂರಿಸಿ ಆಯ್ತಾ?

ಚಿಂತಾಮಣಿ ಸೂಜಿ:

ಅಣ್ಣಾ, ಕಾಲಲ್ಲಿ ತುಳಿಯುವ ಹಳೆಯ ಕಪ್ಪು ಮೆಷಿನ್. ಅಮ್ಮನದು. ಸೂಜಿ ಬ್ಲೌಸ್ ಹೊಲಿಯುವಾಗ ಹಾಕಿದ್ದೇ, 14 ಇರಬೇಕು. ನಾಲ್ಕು ಮೂಲೆಗೆ ಗುಂಡುಸೂಜಿ, ನಡುವೆ ಮೂರ್ನಾಲ್ಕು ಗುಂಡುಸೂಜಿ ಚುಚ್ಚಿದ್ದೆ. ಪಟ್ಟಿ ಇನ್ನೂ ಹಾಕಿಲ್ಲ.

ಹೊಸ ಕತ್ತರಿ:

ಉಬ್ಬಿದ ಕಡೆ ಕತ್ತರಿಸಿ ತೆಗೆದು, ಮೇಲೆ ಒಂದು ಹೂವಿನ ತೇಪೆ ಹಾಕಿಬಿಡಿ. ಯಾರಿಗೂ ಗೊತ್ತಾಗಲ್ಲ. ನಾನು ಒಂದು ಬ್ಯಾಗಿಗೆ ಹಾಗೇ ಮಾಡಿದ್ದೆ.

ತುಮಕೂರು ಟೈಲರ್:

ಪಟ್ಟಿ ಹಾಕದೇ ಇದ್ದದ್ದು ಒಳ್ಳೆಯದಾಯ್ತು. ದಯವಿಟ್ಟು ಕತ್ತರಿಸಬೇಡಿ. ಕತ್ತರಿಸಿದರೆ ಮೇಲಿನ ಪದರದ ಉಬ್ಬು ಹೋಗುತ್ತದೆ, ಹಿಂದಿನ ಮಡಿಕೆ ಹಾಗೇ ಉಳಿಯುತ್ತದೆ.

ನಿಮ್ಮ ಅಜ್ಜಿ ಮಾಡಿದ್ದು ಸರಿ. ನೀವು ಸುತ್ತಿದ್ದೂ ಅದೇ ದಾರಿ. ಆದರೆ ಅಜ್ಜಿ ಕೈಯಲ್ಲಿ ಹೊಲಿದರು, ನೀವು ಮೆಷಿನ್‌ನಲ್ಲಿ. ಎಲ್ಲ ವ್ಯತ್ಯಾಸ ಇರುವುದು ಅಲ್ಲೇ.

ಮೆಷಿನ್ ತಟ್ಟೆಯಲ್ಲಿ ಸೂಜಿಯ ಕೆಳಗೆ ಸಣ್ಣ ಹಲ್ಲುಗಳಿವೆ ನೋಡಿ. ಅವು ಕೆಳಗಿನ ಬಟ್ಟೆಯನ್ನು ಕಚ್ಚಿ ಹಿಂದಕ್ಕೆ ಎಳೆಯುತ್ತವೆ. ಮೇಲೆ ಇರುವ ಪಾದ ಬಟ್ಟೆಯನ್ನು ಒತ್ತಿ ಹಿಡಿಯುತ್ತದೆ ಅಷ್ಟೇ, ಎಳೆಯುವುದಿಲ್ಲ. ಎರಡು ಪದರದ ಬ್ಲೌಸ್‌ನಲ್ಲಿ ಇದು ಗೊತ್ತಾಗುವುದಿಲ್ಲ. ಐದು ಪದರ ಆದಾಗ ಕೆಳಗಿನದು ಮುಂದೆ ಹೋಗುತ್ತದೆ, ಮೇಲಿನದು ಸ್ವಲ್ಪ ಹಿಂದೆ ಉಳಿಯುತ್ತದೆ. ಒಂದೊಂದು ಸುತ್ತಿಗೂ ಒಂದೊಂದು ಎಳೆಯಷ್ಟು. ಹಾಗೆ ಹಿಂದೆ ಉಳಿದ ಬಟ್ಟೆ ಎಲ್ಲಿಗೆ ಹೋಗಬೇಕು? ಹೊರಗಿನ ಅಂಚನ್ನು ನೀವು ಮೊದಲೇ ಹೊಲಿದು ಬೀಗ ಹಾಕಿದ್ದೀರಿ. ಒಳಗೇ ಸೇರುತ್ತಾ ಬರಬೇಕು. ಒಂಬತ್ತು ಸುತ್ತಿನದ್ದು ನಡುವೆ ಒಟ್ಟಾಗಿ ಪೂರಿ ಆಯ್ತು.

ಕೈಹೊಲಿಗೆಯಲ್ಲಿ ಹಲ್ಲೂ ಇಲ್ಲ, ಪಾದವೂ ಇಲ್ಲ. ಬಟ್ಟೆ ನೆಲದ ಮೇಲೆ ಚಪ್ಪಟೆಯಾಗಿರುತ್ತದೆ, ಸೂಜಿ ಮಾತ್ರ ಓಡಾಡುತ್ತದೆ. ಎಡಗೈ ಅಂಗೈ ಹೊತ್ತು ಹೊತ್ತಿಗೆ ಸವರಿ ಬಟ್ಟೆಯನ್ನು ಸಮ ಮಾಡುತ್ತಿರುತ್ತದೆ. ಅದಕ್ಕೇ ಅಂಚಿನಿಂದ ಒಳಗೆ ಬಂದರೂ ಉಬ್ಬುವುದಿಲ್ಲ. ಮೆಷಿನ್‌ನಲ್ಲಿ ಯಾವಾಗಲೂ ನಡುವಿನಿಂದ ಹೊರಗೆ ಹೊಲಿಯಬೇಕು. ಹೆಚ್ಚಾದ ಬಟ್ಟೆ ತಾನಾಗಿ ಅಂಚಿನ ಕಡೆ ಸರಿದು ಹೋಗುತ್ತದೆ.

ಈಗ ಬಿಚ್ಚುವ ವಿಷಯ. ಒಳಗಿನ ಎರಡು ಮೂರು ಸುತ್ತು ಬಿಚ್ಚಿದರೆ ಸಾಲದು. ಹೆಚ್ಚಾದ ಬಟ್ಟೆಗೆ ಹೊರಗೆ ಹೋಗಲು ದಾರಿ ಬೇಕಲ್ವಾ? ಪಕ್ಕಪಕ್ಕದ ಎರಡು ಬದಿ ಆರಿಸಿಕೊಳ್ಳಿ, ಒಂದು ಉದ್ದದ್ದು, ಒಂದು ಅಗಲದ್ದು. ಆ ಎರಡು ಬದಿಯ ಒಂಬತ್ತೂ ಸಾಲು ಬಿಚ್ಚಿ. ಉಳಿದ ಎರಡು ಬದಿಯಲ್ಲಿ ಮಡಿಕೆ ಸೇರಿರುವ ಕಡೆ ಮಾತ್ರ ಬಿಚ್ಚಿದರೆ ಸಾಕು.

ದಾರವನ್ನು ಜಗ್ಗಬೇಡಿ, ಹಳೆಯ ಸೀರೆ ಹರಿಯುತ್ತದೆ. ಹಿಂಬದಿಯಲ್ಲಿ ನಾಲ್ಕು ಹೊಲಿಗೆಗೆ ಒಂದರಂತೆ ಸಣ್ಣ ಕತ್ತರಿಯ ತುದಿಯಿಂದ ಕತ್ತರಿಸುತ್ತಾ ಹೋಗಿ. ಆಮೇಲೆ ತಿರುಗಿಸಿದರೆ ಮೇಲಿನ ದಾರ ಒಂದೇ ಎಳೆಯಾಗಿ ಬರುತ್ತದೆ. ಬಟ್ಟೆಗೆ ಸ್ವಲ್ಪವೂ ನೋವಾಗುವುದಿಲ್ಲ.

ಮತ್ತೆ ಹೊಲಿಯುವ ಮೊದಲು ನೆಲ ಒರೆಸಿ, ಬಿಳಿ ಬಟ್ಟೆಯನ್ನು ಕೆಳಗೆ ಹಾಸಿ, ಬಿಚ್ಚಿದ ಎರಡು ಬದಿಗೆ ಬ್ರೌನ್ ಟೇಪ್ ಅಂಟಿಸಿ. ಸುಕ್ಕು ಹೋಗುವಷ್ಟು ಸಾಕು, ಬಿಗಿಯಾಗಿ ಎಳೆದು ಅಂಟಿಸಬೇಡಿ. ಎಳೆದರೆ ಟೇಪ್ ತೆಗೆದ ಮೇಲೆ ಅದು ಹಿಂದಕ್ಕೆ ಬರುತ್ತದೆ, ಮತ್ತೆ ನೆರಿಗೆ. ಆಮೇಲೆ ಒಂದೊಂದೇ ಪದರವನ್ನು ನಡುವಿನಿಂದ ಬಿಚ್ಚಿದ ಕಡೆಗೆ ಅಂಗೈಯಲ್ಲಿ ಸವರಿ. ಗುಂಡುಸೂಜಿ ಬೇಡ, ಜಾರಿಹೋಗುತ್ತದೆ. ಒಂದು ಗೇಣಿಗೆ ಎರಡರಂತೆ ಸೇಫ್ಟಿ ಪಿನ್ ಹಾಕಿ. ಇನ್ನೂ ಒಳ್ಳೆಯದು ಅಂದರೆ ಉದ್ದ ಉದ್ದ ಕಚ್ಚಾ ಹೊಲಿಗೆ, ನಾಲ್ಕು ಬೆರಳಿಗೆ ಒಂದು ಸಾಲು. ಒಂದು ಸಂಜೆ ಹೋಗುತ್ತದೆ. ಆ ಸಂಜೆ ಉಳಿಸಲು ಹೋಗಿಯೇ ಬಹಳ ಕೌದಿಗಳು ಕೆಡುವುದು.

ದಾರ ಗುಪ್ಪೆಯ ವಿಷಯ. ಕೆಳಗೆ ಗುಪ್ಪೆಯಾದರೆ ಎಲ್ಲರೂ ಬಾಬಿನ್ ಕೇಸಿನ, ಅಂದರೆ ಕೆಳಗಿನ ದಾರದ ಉರುಳೆ ಕೂರುವ ಡಬ್ಬಿಯ, ಸ್ಕ್ರೂ ತಿರುಗಿಸುತ್ತಾರೆ. ಅದನ್ನು ಮುಟ್ಟಬೇಡಿ. ಬಹಳ ಸಲ ತಪ್ಪು ಇರುವುದು ಮೇಲಿನ ದಾರದಲ್ಲಿ. ಪಾದ ಇಳಿಸಿಕೊಂಡು ದಾರ ಪೋಣಿಸಿದರೆ ಮೇಲಿನ ದಾರವನ್ನು ಬಿಗಿ ಹಿಡಿಯುವ ಟೆನ್ಷನ್‌ನ ಎರಡು ಬಿಲ್ಲೆಗಳು ಮುಚ್ಚಿರುತ್ತವೆ, ದಾರ ಒಳಗೆ ಕೂರುವುದಿಲ್ಲ. ಪಾದ ಎತ್ತಿ ಮೊದಲಿನಿಂದ ಪೋಣಿಸಿ. ಶುರು ಮಾಡುವಾಗ ಎರಡೂ ದಾರದ ತುದಿಯನ್ನು ಹಿಂದೆ ಹಿಡಿದುಕೊಳ್ಳಿ. ಸೂಜಿ 16 ಹಾಕಿ, ಹೊಸದು. ಸೂಜಿಯ ಒಂದು ಕಡೆ ಉದ್ದ ಗೀರು ಇರುತ್ತದೆ, ದಾರ ಆ ಗೀರಿನ ಕಡೆಯಿಂದಲೇ ಒಳಗೆ ಹೋಗಬೇಕು. ಹೊಲಿಗೆ ಉದ್ದ ಮಾಡಿ, ಇಂಚಿಗೆ ಎಂಟು ಬಂದರೆ ಸಾಕು. ಪಾದದ ಕಂಬಿಯ ತಲೆಯ ಮೇಲೆ ತಿರುಗಿಸುವ ಸ್ಕ್ರೂ ಇದೆಯಲ್ಲ, ಅದನ್ನು ಎರಡು ಸುತ್ತು ಸಡಿಲ ಮಾಡಿ. ಒತ್ತಡ ಕಡಿಮೆಯಾದರೆ ಮೇಲಿನ ಪದರವೂ ಜೊತೆಗೆ ಸಾಗುತ್ತದೆ.

ಹಳಿಯಾಳದವಳು, ಈಗ ಮಧುಗಿರಿ:

ಮೇಲೆ ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಉತ್ತರ ಕನ್ನಡದಲ್ಲಿ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯೂ ಹೀಗೇ. ಒಂದು ಮೂಲೆಯಿಂದ ಶುರುವಾಗಿ ಅಂಚಿನ ಗುಂಟ ಸುತ್ತುತ್ತಾ ತುಂಡುಗಳನ್ನು ಸೇರಿಸಿಕೊಂಡು ನಡುವೆ ಬಂದು ಮುಗಿಯುತ್ತದೆ. ಪೂರ್ತಿ ಕೈಹೊಲಿಗೆ. ನಾಲ್ಕು ಮೂಲೆಗೆ ಬಟ್ಟೆಯನ್ನು ಮುಕ್ಕೋನ ಮಡಚಿ ಹೂವಿನ ಹಾಗೆ ಕೂರಿಸುತ್ತಾರೆ. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಅನ್ನುವ ಮಾತಿದೆ. ನಿಮ್ಮ ಮಗುವಿನ ಕೌದಿಗೂ ಹಾಕಿ ನೋಡಿ, ಬಹಳ ಮುದ್ದಾಗಿ ಕಾಣುತ್ತದೆ.

ನನ್ನ ಸಲಹೆ: ಅಂಚು ಮೆಷಿನ್‌ನಲ್ಲಿರಲಿ, ನಡುವಿನ ಭಾಗ ಕೈಯಲ್ಲಿ ಹೊಲಿಯಿರಿ. ಸ್ವಲ್ಪ ಹೆಚ್ಚುಕಡಿಮೆ ಇದ್ದರೂ ಕೈಹೊಲಿಗೆ ಅದನ್ನು ಹಂಚಿಕೊಂಡು ಬಿಡುತ್ತದೆ.

ಗೌರಿಬಿದನೂರು ಅಕ್ಕ:

ಮಗುವಿನ ತಾಯಿಗೆ ಒಂದು ಮಾತು ಹೇಳಿಬಿಡಿ. ವರ್ಷ ತುಂಬುವವರೆಗೆ ಮಲಗಿದ ಮಗುವಿನ ಹತ್ತಿರ ಸಡಿಲ ಹೊದಿಕೆ ಬಿಡಬಾರದು ಅಂತ ಮಕ್ಕಳ ಡಾಕ್ಟರುಗಳು ಹೇಳುತ್ತಾರೆ. ಮುಖದ ಮೇಲೆ ಬಂದರೆ ಉಸಿರು ಕಟ್ಟುತ್ತದೆ. ಎಚ್ಚರ ಇದ್ದಾಗ ಚಾಪೆಯ ಮೇಲೆ ಹಾಸಿ ಆಡಿಸಲು ಇದು ಚಿನ್ನದಂಥ ವಸ್ತು. ಗುಂಡಿ, ಮಣಿ, ಕನ್ನಡಿ ಏನೂ ಬೇಡ. ಜರಿ ಅಂಚಿದ್ದರೆ ತೆಗೆಯಿರಿ, ಚರ್ಮಕ್ಕೆ ಚುಚ್ಚುತ್ತದೆ.

ಚಿಂತಾಮಣಿ ಸೂಜಿ:

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಅಜ್ಜಿಯ ಅಂಗೈ ನೆನಪಾಯ್ತು ಅಣ್ಣಾ. ಹೌದು, ಸವರುತ್ತಲೇ ಇರುತ್ತಿದ್ದರು. ನಾನು ಸೂಜಿ ಮಾತ್ರ ನೋಡಿದ್ದೆ.

ಇವತ್ತಿನಿಂದ ಬಿಚ್ಚುತ್ತೇನೆ. ಇನ್ನೊಂದು ಅನುಮಾನ. ಮುಂದೆ ಆರು ಚೌಕ ಕುಂಕುಮದ ಕೆಂಪು. ಅದು ಹೊಸ ಬ್ಲೌಸ್ ಪೀಸ್. ಒಗೆಯದೇ ಕತ್ತರಿಸಿಬಿಟ್ಟೆ. ಬಣ್ಣ ಬಿಟ್ಟರೆ? ಉಪ್ಪು ನೀರಲ್ಲಿ ನೆನೆಸಿದರೆ ನಿಲ್ಲುತ್ತಾ?

ಗೌರಿಬಿದನೂರು ಅಕ್ಕ:

ಉಪ್ಪು, ಪಟಕ, ವಿನಿಗರ್ ಎಲ್ಲ ನಾನೂ ಮಾಡಿದ್ದೇನೆ. ಅಂಗಡಿಯ ಕಾಟನ್‌ಗೆ ಅದರಿಂದ ಬಣ್ಣ ನಿಲ್ಲುವುದಿಲ್ಲ. ಬಣ್ಣ ಹಾಕುವಾಗ ಅದು ನೂಲಿಗೆ ಏರಲು ಉಪ್ಪು ಬೇಕು, ನಿಜ. ಆದರೆ ಅಂಟದೇ ಉಳಿದ ಬಣ್ಣವನ್ನು ಆಮೇಲೆ ಉಪ್ಪು ಹಿಡಿದು ನಿಲ್ಲಿಸುವುದಿಲ್ಲ. ಅದು ತೊಳೆದೇ ಹೋಗಬೇಕು.

ಮೊದಲು ಪರೀಕ್ಷೆ ಮಾಡಿ. ಬಿಳಿ ಚಿಂದಿಯನ್ನು ಒದ್ದೆ ಮಾಡಿ ಕೆಂಪು ಚೌಕದ ಮೇಲೆ ಒಂದು ನಿಮಿಷ ಉಜ್ಜಿ. ಚಿಂದಿ ಗುಲಾಬಿಯಾದರೆ ಆ ಆರು ಚೌಕ ಬಿಚ್ಚಿ ಬದಲಿಸಿ. ಈಗಲೇ ಬಿಚ್ಚುತ್ತಿದ್ದೀರಲ್ಲ, ಇದೇ ಸಮಯ. ಮುಗಿದ ಮೇಲೆ ಯಾವತ್ತಾದರೂ ಬಣ್ಣ ಹರಡಿದರೆ ಒಣಗಿಸಬೇಡಿ, ಇಸ್ತ್ರಿ ಹಾಕಬೇಡಿ. ಒದ್ದೆ ಇರುವಾಗಲೇ ದೊಡ್ಡ ಟಬ್ಬಿನಲ್ಲಿ ತುಂಬಾ ಬಿಸಿನೀರು, ಸೋಪಿನ ಪುಡಿ ಹಾಕಿ ರಾತ್ರಿಯಿಡೀ ಮುಳುಗಿಸಿ. ನೀರು ಜಾಸ್ತಿ ಇರಬೇಕು. ಬಿಟ್ಟ ಬಣ್ಣ ನೀರಲ್ಲಿ ತೇಲಬೇಕು, ಪಕ್ಕದ ಬಟ್ಟೆಗೆ ಅಂಟಬಾರದು. ನೀರು ಕೆಂಪಾದರೆ ಬದಲಾಯಿಸಿ ಮತ್ತೆ ಹಾಕಿ.

ಇನ್ನು ಮುಂದೆ ಹೊಸ ಕಾಟನ್ ತಂದರೆ ಮೊದಲು ನೆನೆಸಿ ಒಣಗಿಸಿ ಆಮೇಲೆ ಕತ್ತರಿ ಹಿಡಿಯಿರಿ. ಹೊಸದು ಕುಗ್ಗುತ್ತದೆ, ಅಜ್ಜಿಯ ಸೀರೆ ಕುಗ್ಗಿ ಮುಗಿದಿರುತ್ತದೆ. ಎರಡನ್ನೂ ಹಾಗೇ ಸೇರಿಸಿದರೆ ಮೊದಲ ಒಗೆತಕ್ಕೇ ಒಂದು ಕಡೆ ಎಳೆಯುತ್ತದೆ.

ಚಿಂತಾಮಣಿ ಸೂಜಿ:

ಒಂಬತ್ತು ದಿನದ ಮೇಲೆ ಬರೆಯುತ್ತಿದ್ದೇನೆ. ಬಿಚ್ಚಲು ಮೂರು ರಾತ್ರಿ ಹಿಡಿಯಿತು. ಒಂದು ಕಡೆಯೂ ಹರಿಯಲಿಲ್ಲ. ಕೆಂಪು ಚೌಕ ಉಜ್ಜಿದಾಗ ಚಿಂದಿ ಗುಲಾಬಿಯಾಯ್ತು. ಆರೂ ತೆಗೆದು ಅಜ್ಜಿಯದೇ ಹಸಿರು ಸೀರೆಯ ಚೌಕ ಹಾಕಿದೆ. ಆ ಸೀರೆ ಉಟ್ಟುಕೊಂಡು ಅಜ್ಜಿ ಕೈವಾರದ ಜಾತ್ರೆಗೆ ಬರುತ್ತಿದ್ದರು. ಕೆಂಪಿಗಿಂತ ಇದೇ ಚೆನ್ನಾಗಿದೆ.

ನೆಲದ ಮೇಲೆ ಹಾಸಿ ಸವರಿದಾಗ ಮೇಲಿನ ಪದರ ಬಿಚ್ಚಿದ ಎರಡು ಅಂಚಿನಿಂದ ಮುಕ್ಕಾಲು ಇಂಚು ಹೊರಗೆ ಬಂತು! ಅಷ್ಟೂ ಒಳಗೆ ಸೇರಿಕೊಂಡಿತ್ತು. ಕಚ್ಚಾ ಹೊಲಿಗೆ ಹಾಕಿ, ನಡುವಿನ ಭಾಗ ಕೈಯಲ್ಲಿ, ಹೊರಗಿನ ಸಾಲು ಮೆಷಿನ್‌ನಲ್ಲಿ ಒಳಗಿನಿಂದ ಹೊರಗೆ ಹೊಲಿದೆ. ಗುಪ್ಪೆ ಒಂದೂ ಇಲ್ಲ. ಒಂದು ಮೂಲೆಯಲ್ಲಿ ಸಣ್ಣ ನೆರಿಗೆ ಉಳಿದಿದೆ, ಅದರ ಮೇಲೆ ಮುಕ್ಕೋನದ ಹೂವು ಕೂರಿಸಿದೆ. ಉಳಿದ ಮೂರು ಮೂಲೆಗೂ ಹಾಕಿದೆ.

ಈಗ ಉಳಿದ ತುಂಡಿನಲ್ಲಿ ಚೀಲ ಹೊಲಿಯುತ್ತಿದ್ದೇನೆ. ನಾಮಕರಣಕ್ಕೆ ಬಂದವರಿಗೆ ತೆಂಗಿನಕಾಯಿ ಹಾಕಿ ತಾಂಬೂಲ ಕೊಡಲು 20 ಚಿಕ್ಕವು. ಬೆಂಗಳೂರಿನ ನಾದಿನಿಗೆ ಅವರೆಕಾಯಿ ತುಂಬಿ ಕೊಡಲು ಒಂದು ದೊಡ್ಡದು. ದೊಡ್ಡದಕ್ಕೆ ನಾಲ್ಕು ಕೆಜಿ ಹಾಕಿ ಎತ್ತಿ ನೋಡಿದೆ, ಕೈಹಿಡಿ ಬುಡದಲ್ಲಿ ಬಟ್ಟೆ ಹರಿಯಿತು. ಹೊಲಿಗೆ ಬಿಟ್ಟಿಲ್ಲ, ಬಟ್ಟೆಯೇ ಹರಿದಿದೆ.

ತುಮಕೂರು ಟೈಲರ್:

ಮುಕ್ಕಾಲು ಇಂಚು ಅಂದಿರಲ್ಲ, ಓದಿ ಬಹಳ ಖುಷಿಯಾಯ್ತು.

ಚೀಲಕ್ಕೆ ಕೇಳಿ. ಹಳೆಯ ಬಟ್ಟೆ ಒಂಟಿಯಾಗಿ ಭಾರ ತಡೆಯುವುದಿಲ್ಲ. ಒಳಗೆ ಗಟ್ಟಿ ಕಾಟನ್ ಲೈನಿಂಗ್ ಕೊಡಿ. ಕೈಹಿಡಿ ಕೂರುವ ಕಡೆ ಒಳಭಾಗದಲ್ಲಿ 3 ಇಂಚಿನ ಕ್ಯಾನ್ವಾಸ್ ತುಂಡು ಇಡಿ. ಕೈಹಿಡಿಯ ತುದಿ ಬಾಯಿಯ ಅಂಚಿಗೆ ಮಾತ್ರ ಸಿಕ್ಕಿದರೆ ಹರಿಯುತ್ತದೆ. ಒಂದೂವರೆ ಇಂಚು ಕೆಳಗೆ ಇಳಿಸಿ, ಚೌಕವಾಗಿ ಹೊಲಿದು, ಚೌಕದೊಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಹಾಕಿ. ಆಗ ಭಾರ ಒಂದೇ ಗೆರೆಯ ಮೇಲೆ ಬೀಳದೆ ಹಂಚಿಕೊಳ್ಳುತ್ತದೆ.

ಆ ದಪ್ಪಕ್ಕೆ 18ರ ಸೂಜಿ. ದಪ್ಪ ಬಂದಾಗ ಪಾದ ಹಿಂದಕ್ಕೆ ವಾಲಿ ಹೊಲಿಗೆ ತಪ್ಪುತ್ತದೆ. ಪಾದದ ಹಿಂದೆ ಅಷ್ಟೇ ದಪ್ಪದ ಬಟ್ಟೆ ಮಡಚಿ ಇಡಿ, ಮಟ್ಟವಾಗಿ ಹತ್ತುತ್ತದೆ. ಆ ನಾಲ್ಕು ಹೊಲಿಗೆಯನ್ನು ತುಳಿಯಬೇಡಿ, ಚಕ್ರವನ್ನು ಕೈಯಲ್ಲಿ ತಿರುಗಿಸಿ.

ತಾಂಬೂಲದ ಚೀಲಕ್ಕೆ ಇಷ್ಟೆಲ್ಲ ಬೇಡ. ಒಂದು ಕಾಯಿ ತಾನೇ, ಬುಡಕ್ಕೆ ಎರಡು ಸಾಲು ಹೊಲಿಗೆ ಹಾಕಿದರೆ ಸಾಕು.

ಹಳಿಯಾಳದವಳು, ಈಗ ಮಧುಗಿರಿ:

ಕೌದಿಯ ಫೋಟೋ ಹಾಕಿ ಅಕ್ಕಾ. ಹಸಿರು ಚೌಕ ನೋಡಬೇಕು.