ಮಕ್ಕಳ ಮನಸ್ಸನ್ನೇ ಓದಿ, ಅದನ್ನೇ ಪಾಠ ಮಾಡಬೇಕು ಅನ್ನುವವರಿಗೆ: ಪ್ರಶ್ನೋತ್ತರ

ಪ್ರಶ್ನೆ (ಬಿಎ ಕೊನೇ ವರ್ಷದ ವಿದ್ಯಾರ್ಥಿನಿ, ಮದ್ದೂರು ತಾಲ್ಲೂಕು):

ನಮಸ್ತೆ ಮೇಡಂ. ನಾನು ಮಂಡ್ಯದಲ್ಲಿ ಬಿಎ ಓದುತ್ತಿದ್ದೇನೆ, ಸೈಕಾಲಜಿ ಒಂದು ವಿಷಯ. ನಮ್ಮ ಚಿಕ್ಕಮ್ಮ ಅಂಗನವಾಡಿ ಕಾರ್ಯಕರ್ತೆ. ರಜೆಯಲ್ಲಿ ಅವರ ಜೊತೆ ಹೋಗಿ ಹೋಗಿ, ಸಣ್ಣ ಮಕ್ಕಳು ಹೇಗೆ ಕಲಿಯುತ್ತಾರೆ ಅನ್ನೋದೇ ತಲೆಯಲ್ಲಿ ಕೂತುಬಿಟ್ಟಿದೆ. ಇದರಲ್ಲೇ ಪಿಎಚ್‌ಡಿ ಮಾಡಿ ಕಾಲೇಜಿನಲ್ಲಿ ಪಾಠ ಮಾಡಬೇಕು ಅಂತ ಆಸೆ. ಅಪ್ಪ ಮಾತ್ರ "ಮಕ್ಕಳನ್ನ ಆಡಿಸೋಕೆ ಎಂಎ ಯಾಕವ್ವ, ಎಫ್‌ಡಿಎ ಪರೀಕ್ಷೆ ಕಟ್ಟು" ಅನ್ನುತ್ತಾರೆ. ಯಾವ ಎಂಎ ತಗೋಬೇಕು? ಕೆಲಸ ಸಿಗುತ್ತಾ?

ಉತ್ತರ:

ನಿಮ್ಮ ಅಪ್ಪನ ಮಾತಿನಿಂದಲೇ ಶುರು ಮಾಡುತ್ತೇನಮ್ಮ. ಅವರು ಹೇಳಿದ್ದು ಸರಿ, ಮಕ್ಕಳನ್ನು ಆಡಿಸೋಕೆ ಎಂಎ ಬೇಡ. ಆಡುವ ಮಗುವಿನ ತಲೆಯಲ್ಲಿ ಏನು ನಡೆಯುತ್ತಿದೆ ಅಂತ ತಿಳಿಯೋಕೆ ಬೇಕು. ಅದು ಎಷ್ಟು ಕಷ್ಟ ಅಂತ ನನಗೆ ಕಲಿಸಿದ್ದು ಒಂದು ಹಿಡಿ ಹುಣಸೆ ಬೀಜ.

ಎಂಎ ಓದುವಾಗ ಶ್ರೀರಂಗಪಟ್ಟಣದ ಹತ್ತಿರದ ಒಂದು ಅಂಗನವಾಡಿಯಲ್ಲಿ, ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಪಿಯಾಜೆ ಮಾಡಿದ್ದ ಪರೀಕ್ಷೆಯನ್ನು ನಾನೂ ಮಾಡಿ ನೋಡಿದೆ. ಆರು ಬೀಜದ ಒಂದು ಸಾಲು, ಅದರ ಎದುರಿಗೆ ಆರು ಬೀಜದ ಇನ್ನೊಂದು ಸಾಲು. "ಎರಡರಲ್ಲೂ ಸಮ ಇದೆಯಾ, ಒಂದರಲ್ಲಿ ಜಾಸ್ತಿ ಇದೆಯಾ?" ಅಂತ ಕೇಳಿದೆ. ಐದು ವರ್ಷದ ಹುಡುಗಿ "ಎಲ್ಡೂ ಒಂದೇ ಮಿಸ್" ಅಂದಳು. ಅವಳ ಕಣ್ಣೆದುರೇ ಒಂದು ಸಾಲನ್ನು ಅಗಲಕ್ಕೆ ಹರಡಿ ಅದೇ ಪ್ರಶ್ನೆ ಮತ್ತೆ ಕೇಳಿದೆ. ಉದ್ದದ ಸಾಲು ತೋರಿಸಿ "ಇದ್ರಲ್ಲಿ ಜಾಸ್ತಿ" ಅಂದಳು. ಪುಸ್ತಕದಲ್ಲಿದ್ದ ಹಾಗೇ ಬಂತು ಅಂತ ಖುಷಿಯಿಂದ ಬರೆದುಕೊಂಡೆ.

ಊಟ ಆದಮೇಲೆ ಅದೇ ಹುಡುಗಿ ಇನ್ನೊಬ್ಬ ಹುಡುಗನ ಜೊತೆ ಅದೇ ಬೀಜ ಪಾಲು ಮಾಡಿಕೊಂಡು ಆಡುತ್ತಿದ್ದಳು. ಅವನು ತನ್ನ ಪಾಲನ್ನು ಉದ್ದಕ್ಕೆ ಜೋಡಿಸಿ "ನಂದೇ ಜಾಸ್ತಿ" ಅಂದ. ಇವಳು ತಲೆ ಎತ್ತದೇ "ಹೋಗೋ, ಸುಮ್ನೆ ದೂರ ದೂರ ಇಟ್ಟಿದ್ದೀಯ, ಅಷ್ಟೇ ಐತೆ" ಅಂದಳು.

ಬೆಳಗ್ಗೆ ಗೊತ್ತಿರದಿದ್ದದ್ದು ಮಧ್ಯಾಹ್ನ ಹೇಗೆ ಗೊತ್ತಾಯಿತು? ಎಷ್ಟೋ ದಿನ ಇದೇ ಯೋಚನೆ ಕಾಡಿತು. ಆಮೇಲೆ ಓದುವಾಗ, 1970ರ ದಶಕದಲ್ಲಿ ಮ್ಯಾಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಅನ್ನುವವರು ಸ್ಕಾಟ್ಲೆಂಡಿನಲ್ಲಿ ಮಾಡಿದ ಕೆಲಸ ಸಿಕ್ಕಿತು. ಅವರು ಸಾಲನ್ನು ಕೈಯಿಂದ ಹರಡಲಿಲ್ಲ. ಒಂದು ತುಂಟ ಕರಡಿ ಗೊಂಬೆ ಬಂದು ಕೆಡಿಸಿದ ಹಾಗೆ ಮಾಡಿದರು. ಆಗ ನಾಲ್ಕರಿಂದ ಆರು ವರ್ಷದ ಮಕ್ಕಳಲ್ಲಿ ಬಹಳ ಜನ ಸರಿಯಾದ ಉತ್ತರ ಕೊಟ್ಟರು. ದೊಡ್ಡವರು ಬೇಕಂತಲೇ ಹರಡಿ ಕೇಳಿದಾಗ ಹಾಗೆ ಹೇಳಿದವರು ತುಂಬಾ ಕಡಿಮೆ. ಒಂದೇ ಪ್ರಶ್ನೆಯನ್ನು ದೊಡ್ಡವರು ಎರಡು ಸಲ ಕೇಳಿದರೆ, ಮೊದಲು ಹೇಳಿದ್ದು ತಪ್ಪಿರಬೇಕು ಅಂತ ಮಗು ಲೆಕ್ಕ ಹಾಕುತ್ತದೆ. ನಮ್ಮ ಶಾಲೆಗಳಲ್ಲಿ ಮಿಸ್ ಮತ್ತೆ ಕೇಳಿದರು ಅಂದರೆ ಉತ್ತರ ಬದಲಿಸಬೇಕು ಅಂತಲೇ ಅರ್ಥ, ಅಲ್ವಾ? ನಾನು ಅಳೆದದ್ದು ಅವಳ ಲೆಕ್ಕದ ಬುದ್ಧಿಯನ್ನಲ್ಲ. ನನ್ನ ಮೇಲೆ ಅವಳಿಗಿದ್ದ ಮರ್ಯಾದೆಯನ್ನು.

ಪಿಯಾಜೆ ಪೂರ್ತಿ ತಪ್ಪು ಅಂತ ಇದರಿಂದ ತಿಳಿಯಬೇಡಿ. ಇನ್ನೂ ಸಣ್ಣ ಮಕ್ಕಳು ಉದ್ದ ನೋಡಿ ನಿಜಕ್ಕೂ ಮೋಸ ಹೋಗುತ್ತಾರೆ. ಆದರೆ ಯಾರು ಕೇಳಿದರು, ಹೇಗೆ ಕೇಳಿದರು, ಯಾವ ಮಾತಿನಲ್ಲಿ ಕೇಳಿದರು ಅನ್ನೋದನ್ನು ಬಿಟ್ಟು ಮಗುವಿನ ಉತ್ತರ ಓದೋಕೆ ಆಗಲ್ಲ. ಈ ವೃತ್ತಿಯ ಉಸಿರೇ ಅದು. ಅಪ್ಪನಿಗೆ ಈ ಬೀಜದ ಕತೆ ಹೇಳಿ ನೋಡಿ.

ಈಗ ಎಂಎ. ಇಲ್ಲಿ ಎಡವುವವರು ಜಾಸ್ತಿ. ನಮ್ಮಲ್ಲಿ ಮಕ್ಕಳ ಬೆಳವಣಿಗೆ ಅನ್ನುವ ವಿಷಯ ಮೂರು ಮನೆಗಳಿಗೆ ಹಂಚಿಹೋಗಿದೆ: ಸೈಕಾಲಜಿ, ಹೋಮ್ ಸೈನ್ಸ್, ಶಿಕ್ಷಣ. ಕಾಲೇಜಿನಲ್ಲಿ ಪಾಠ ಮಾಡೋಕೆ ಬರೆಯುವ ರಾಷ್ಟ್ರಮಟ್ಟದ ನೆಟ್ ಪರೀಕ್ಷೆಯಲ್ಲಿ ಮೂರಕ್ಕೂ ಬೇರೆ ಬೇರೆ ಪತ್ರಿಕೆ ಇದೆ. ಮಕ್ಕಳ ಬೆಳವಣಿಗೆಗೆ ಅಂತಲೇ ಒಂದು ಪತ್ರಿಕೆ ಇಲ್ಲ. ಇವತ್ತು ನೀವು ತಗೊಳ್ಳುವ ಎಂಎ, ಮುಂದೆ ಯಾವ ವಿಭಾಗದ ಹುದ್ದೆಗೆ ಅರ್ಜಿ ಹಾಕಬಹುದು ಅನ್ನೋದನ್ನೂ ತೀರ್ಮಾನ ಮಾಡಿಬಿಡುತ್ತದೆ. ಮಗು ಹೇಗೆ ಯೋಚಿಸುತ್ತದೆ, ಮಾತು ಹೇಗೆ ಬರುತ್ತದೆ ಅನ್ನೋದು ನಿಮ್ಮ ಆಸಕ್ತಿ ಆಗಿದ್ದರೆ ಸೈಕಾಲಜಿ. ಮನೆ, ಪಾಲನೆ, ಪೌಷ್ಟಿಕತೆ ಎಲ್ಲ ಸೇರಿಸಿ ನೋಡಬೇಕು ಅನ್ನಿಸಿದರೆ ಹೋಮ್ ಸೈನ್ಸಿನಲ್ಲಿ ಮಾನವ ಅಭಿವೃದ್ಧಿ. ತರಗತಿಯಲ್ಲಿ ಏನು, ಹೇಗೆ ಕಲಿಸಬೇಕು ಅನ್ನೋದಾದರೆ ಶಿಕ್ಷಣದಲ್ಲಿ ಎಂಎ, ಇಲ್ಲವೇ ಬಿಎಡ್ ಮುಗಿಸಿ ಎಂಎಡ್. ನೀವು ಬರೆದದ್ದು ನೋಡಿದರೆ ನನಗೆ ಸೈಕಾಲಜಿ ಅನ್ನಿಸುತ್ತದೆ.

ಇದಕ್ಕಾಗಿ ದೂರ ಹೋಗಲೇಬೇಕು ಅಂತಿಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸೈಕಾಲಜಿ ವಿಭಾಗ ಶುರುವಾಗಿದ್ದು 1924ರಲ್ಲಿ. ಅದನ್ನು ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದವರೂ ಇವರೇ. ವಿಶ್ವವಿದ್ಯಾನಿಲಯದ ಆವರಣ ಮಾನಸಗಂಗೋತ್ರಿಯಲ್ಲೇ 1963ರಿಂದ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ, ಒಳಗೇ ಅದರದೊಂದು ಶಾಲೆಯೂ ಇದೆ. ಮಕ್ಕಳ ಮಾತಿನ ಬಗ್ಗೆ ಆಸಕ್ತಿ ಇದ್ದರೆ ವಾಕ್ ಶ್ರವಣ ಸಂಸ್ಥೆ ಇದೆ, ಭಾಷೆಗಳ ಬಗ್ಗೆ ಆದರೆ ಭಾರತೀಯ ಭಾಷಾ ಸಂಸ್ಥಾನ. ಇವೆಲ್ಲ ಮೈಸೂರಿನ ಒಂದೇ ಭಾಗದಲ್ಲಿವೆ.

ಕೆಲಸದ ಬಗ್ಗೆ ನೇರವಾಗಿ ಹೇಳುತ್ತೇನೆ. ಸಹಾಯಕ ಪ್ರಾಧ್ಯಾಪಕರಾಗಲು ಎಂಎಯಲ್ಲಿ ಶೇ. 55 ಅಂಕ, ಜೊತೆಗೆ ನೆಟ್ ಅಥವಾ ರಾಜ್ಯದ ಅಂಥದ್ದೇ ಪರೀಕ್ಷೆ ಕೆ-ಸೆಟ್ ಬೇಕು. ಮೀಸಲಾತಿ ಇರುವವರಿಗೆ ಅಂಕದಲ್ಲಿ ಸಡಿಲಿಕೆ ಇದೆ. ಪಿಎಚ್‌ಡಿ ಕಡ್ಡಾಯ ಅನ್ನುವುದನ್ನು ಯುಜಿಸಿ 2023ರ ಜುಲೈನಲ್ಲಿ ಬಿಟ್ಟಿತು. ಹುದ್ದೆಗಳು ಮಾತ್ರ ಕಡಿಮೆ. ನಾನು ಆರು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದೆ. ಒಂದು ಕಾಲೇಜಿನಲ್ಲಿ ಐದು ತಿಂಗಳ ಸಂಬಳ ಒಟ್ಟಿಗೆ ಬಂತು, ಅಲ್ಲಿವರೆಗೆ ಬಸ್ ಚಾರ್ಜಿಗೂ ಅಣ್ಣನ ಹತ್ತಿರ ಕೇಳುತ್ತಿದ್ದೆ. ಈ ಕಾಲ ನಿಮಗೂ ಬರಬಹುದು ಅಂತ ಮನೆಯಲ್ಲಿ ಈಗಲೇ ಹೇಳಿಡಿ. ನೆಟ್‌ನಲ್ಲಿ ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಬಂದರೆ ದೊಡ್ಡ ಆಸರೆ. 2023ರಲ್ಲಿ ಏರಿಸಿದ ಪ್ರಕಾರ, ಸಂಶೋಧನೆಯ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಅದಕ್ಕೆ ವಯಸ್ಸಿನ ಮಿತಿ 30, ಹೆಣ್ಣುಮಕ್ಕಳಿಗೆ ಐದು ವರ್ಷ ಸಡಿಲಿಕೆ. ನೆಟ್‌ನ ಸೈಕಾಲಜಿ ಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಷ್ಟೇ ಬರುವುದರಿಂದ ಇಂಗ್ಲಿಷಿನಲ್ಲಿ ಓದುವ ಅಭ್ಯಾಸ ಈಗಿನಿಂದಲೇ ಇರಲಿ. ಅಪ್ಪ ಹೇಳಿದ ಪರೀಕ್ಷೆಗಳನ್ನೂ ಪೂರ್ತಿ ಬಿಡಬೇಡಿ. ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಹುದ್ದೆಯಂತೂ ನಿಮ್ಮ ಓದಿಗೆ ತುಂಬಾ ಹತ್ತಿರದ್ದು.

ಪ್ರಶ್ನೆ (ಅಂಗನವಾಡಿ ಕಾರ್ಯಕರ್ತೆ, ತಿ. ನರಸೀಪುರ ತಾಲ್ಲೂಕು):

ಮೇಡಂ, ನಾನು ಪಿಯುಸಿ ಓದಿದ್ದೇನೆ. 14 ವರ್ಷದ ಸರ್ವೀಸ್. ಕಾಲೇಜಿನವರು ಬರುತ್ತಾರೆ, ಮಕ್ಕಳನ್ನು ಕೂರಿಸಿಕೊಂಡು ಏನೇನೋ ಕೇಳಿ ಬರೆದುಕೊಂಡು ಹೋಗುತ್ತಾರೆ. ಆಮೇಲೆ ಏನಾಯಿತು ಅಂತ ಒಬ್ಬರೂ ಬಂದು ಹೇಳಿಲ್ಲ. ನಮ್ಮಂಥವರು ಇದನ್ನು ಓದೋಕೆ ಆಗುತ್ತಾ?

ಉತ್ತರ:

ಅಕ್ಕ, ಮೊದಲನೇ ಮಾತಿಗೆ ನಾನೂ ತಲೆ ಬಗ್ಗಿಸುತ್ತೇನೆ. ಹಾಗೆ ಬರೆದುಕೊಂಡು ಹೋದವರಲ್ಲಿ ನಾನೂ ಒಬ್ಬಳು. ಈಗ ನನ್ನ ವಿದ್ಯಾರ್ಥಿಗಳಿಗೆ ಒಂದು ಕಟ್ಟುನಿಟ್ಟು ಮಾಡಿದ್ದೇನೆ. ಥೀಸಿಸ್ ಕೊಡುವ ಮುಂಚೆ ಅಂಗನವಾಡಿಗೆ ವಾಪಸ್ ಹೋಗಿ, ಏನು ಕಂಡಿತು ಅಂತ ಕನ್ನಡದಲ್ಲಿ ಕಾರ್ಯಕರ್ತೆಗೂ ತಾಯಂದಿರಿಗೂ ಹೇಳಿ ಬರಬೇಕು. ಮುಂದಿನ ಸಲ ಯಾರಾದರೂ ಬಂದರೆ, ತಂದೆತಾಯಿಯ ಒಪ್ಪಿಗೆ ಪತ್ರ ತಂದಿದ್ದೀರಾ, ಮತ್ತೆ ಯಾವಾಗ ಬಂದು ಹೇಳುತ್ತೀರಾ ಅಂತ ನೀವೇ ಕೇಳಿ. ಕೇಳುವ ಹಕ್ಕು ನಿಮಗಿದೆ.

ಓದೋಕೆ ಖಂಡಿತ ಆಗುತ್ತದೆ. ಪಿಯುಸಿ ಆದವರು ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಶಿಶು ಪಾಲನೆ ಮತ್ತು ಶಿಕ್ಷಣದ ಡಿಪ್ಲೊಮಾವನ್ನು ಕೆಲಸ ಬಿಡದೆ ಮಾಡಬಹುದು. 2020ರ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗೆ ಒಂದೇ ಹಂತ ಮಾಡಿದೆ. ಪಿಯುಸಿ ಆದ ಕಾರ್ಯಕರ್ತೆಯರಿಗೆ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಅಂತಲೂ ಹೇಳಿದೆ. ನಿಮ್ಮ ವೃತ್ತದ ಮೇಲ್ವಿಚಾರಕಿಯನ್ನು ವಿಚಾರಿಸಿ.

ಇನ್ನೊಂದು ಮಾತು ಹೇಳಲೇಬೇಕು. ಅಂಗನವಾಡಿಗಳನ್ನು ತಂದ ಐಸಿಡಿಎಸ್ ಯೋಜನೆ ದೇಶದಲ್ಲಿ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ ಮೊದಲ ತಾಲ್ಲೂಕು ನಿಮ್ಮ ತಿ. ನರಸೀಪುರ. ಸರ್ಕಾರಿ ಶಾಲೆಗಳಲ್ಲಿ ಆಡುತ್ತಾ ಕಲಿಸುವ ನಲಿ-ಕಲಿ 1995ರಲ್ಲಿ ಹುಟ್ಟಿದ್ದು ಎಚ್.ಡಿ. ಕೋಟೆಯಲ್ಲಿ. ಆಂಧ್ರದ ರಿಷಿ ವ್ಯಾಲಿ ಶಾಲೆ ನೋಡಿಬಂದ ಅಲ್ಲಿನ ಸರ್ಕಾರಿ ಮೇಷ್ಟ್ರುಗಳೇ ಕೂತು ಕಾರ್ಡು ಬರೆದರು, ಚಟುವಟಿಕೆ ಕಟ್ಟಿದರು. ಆ ಜ್ಞಾನ ಮೊದಲು ಬಂದದ್ದು ಮಕ್ಕಳ ಜೊತೆ ದಿನಾ ಕೂರುವವರ ಕೈಯಿಂದ. ನಿಮ್ಮ 14 ವರ್ಷದಲ್ಲಿ ಕಂಡದ್ದನ್ನು ದಯವಿಟ್ಟು ಬರೆದಿಡಿ.

ಪ್ರಶ್ನೆ (ಎಂಎ ಸೈಕಾಲಜಿ ವಿದ್ಯಾರ್ಥಿ, ಮೈಸೂರು):

ಮೇಡಂ, ಎಂಎ ಆದಮೇಲೆ ಮಕ್ಕಳ ಕ್ಲಿನಿಕ್ ತೆರೆಯಬಹುದಾ? ಇನ್ನೊಂದು, ನಾನು ಹುಡುಗ. ಈ ಕ್ಷೇತ್ರದಲ್ಲಿ ಎಲ್ಲರೂ ಹೆಂಗಸರೇ ಅಂತ ಸ್ನೇಹಿತರು ಹೇಳುತ್ತಾರೆ.

ಉತ್ತರ:

ಬರೀ ಎಂಎ ಇಟ್ಟುಕೊಂಡು ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕುವಂತಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಮಂಡಳಿ (ಆರ್‌ಸಿಐ) ಒಪ್ಪಿದ ಬೇರೆ ತರಬೇತಿ, ನೋಂದಣಿ ಬೇಕು. ಚಿಕಿತ್ಸೆಯ ದಾರಿಯೇ ಬೇರೆ, ಪಾಠ-ಸಂಶೋಧನೆಯ ದಾರಿಯೇ ಬೇರೆ.

ಎರಡನೆಯದಕ್ಕೆ ಗಿಜುಭಾಯಿ ಬಧೇಕಾ ಅವರನ್ನು ನೆನೆಯಿರಿ. ವಕೀಲರಾಗಿದ್ದವರು ಅದನ್ನು ಬಿಟ್ಟು 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ಅನ್ನುವ ಸಣ್ಣ ಮಕ್ಕಳ ಶಾಲೆ ಶುರು ಮಾಡಿದರು. ಅವರನ್ನು 'ಮೀಸೆಯ ಅಮ್ಮ' ಅಂತಲೇ ಕರೆಯುತ್ತಿದ್ದರು. ಪಿಯಾಜೆ ತನ್ನ ಮೂರು ಮಕ್ಕಳ ಪಕ್ಕ ಕೂತು ಬರೆದ ಟಿಪ್ಪಣಿಯನ್ನೇ ಇವತ್ತಿಗೂ ಓದುತ್ತೇವೆ. ಧೈರ್ಯವಾಗಿ ಬನ್ನಿ. ನಮ್ಮ ಪಠ್ಯಗಳಲ್ಲಿರುವ ಮಕ್ಕಳಲ್ಲಿ ಬಹುಪಾಲು ಅಮೆರಿಕ, ಯುರೋಪಿನವರು. ಅಜ್ಜಿ ಜೊತೆ ಗದ್ದೆ ಬದುವಿನ ಮೇಲೆ ಬೆಳೆಯುವ ಮಗು, ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಕಾನ್ವೆಂಟಿನಲ್ಲಿ ಇಂಗ್ಲಿಷ್ ಕೇಳುವ ಮಗು ಹೇಗೆ ಬೆಳೆಯುತ್ತದೆ ಅಂತ ಬರೆದದ್ದು ತೀರಾ ಕಡಿಮೆ. ಯಾರು ಬರೆದರೂ ಸರಿ, ಬರೆಯಬೇಕು.

ಮರುಪ್ರಶ್ನೆ (ಮದ್ದೂರು ತಾಲ್ಲೂಕಿನ ವಿದ್ಯಾರ್ಥಿನಿ):

ಮೇಡಂ, ಅಪ್ಪನಿಗೆ ಬೀಜದ ಕತೆ ಹೇಳಿದೆ. "ಆ ಹುಡುಗಿ ಬುದ್ಧಿವಂತೆ" ಅಂದರು, ಬೇರೆ ಏನೂ ಹೇಳಲಿಲ್ಲ. ಎಂಎ ಅರ್ಜಿಗೆ ಇನ್ನೂ ಸಮಯ ಇದೆ. ಅಲ್ಲಿವರೆಗೆ ಏನು ಮಾಡಲಿ? ಚಿಕ್ಕಮ್ಮನ ಅಂಗನವಾಡಿಯಲ್ಲಿ ಆ ಪರೀಕ್ಷೆ ಮಾಡಿ ನೋಡಲಾ?

ಉತ್ತರ:

ಮೊದಲ ತಿಂಗಳು ಏನೂ ಪರೀಕ್ಷೆ ಬೇಡ. ವಾರಕ್ಕೆ ಎರಡು ದಿನ ಹೋಗಿ ಮೂಲೆಯಲ್ಲಿ ಕೂತುಕೊಳ್ಳಿ. ಒಂದು ಸಲಕ್ಕೆ ಒಂದೇ ಮಗುವನ್ನು ಹತ್ತು ನಿಮಿಷ ನೋಡಿ. ಮಗು ಅಂದದ್ದನ್ನು ಅಂದ ಹಾಗೇ, ನಿಮ್ಮ ಮಂಡ್ಯದ ಮಾತಿನಲ್ಲೇ ಬರೆಯಿರಿ, ತಿದ್ದಬೇಡಿ. "ಹಟಮಾರಿ" ಅಂತ ಬರೆಯಬೇಡಿ, "ಮೂರು ಸಲ ಕರೆದರೂ ಬರಲಿಲ್ಲ" ಅಂತ ಬರೆಯಿರಿ. ಮಕ್ಕಳ ಹೆಸರು ಬೇಡ, ಫೋಟೋ ಬೇಡವೇ ಬೇಡ.

ಅವರಿಗೆ ನೀವು ಅಭ್ಯಾಸ ಆದಮೇಲೆ ಸಾಲು ಜೋಡಿಸುವ ಆಟ ಆಡಿ. ಆದರೆ ನಾನು ತಗೊಂಡು ಹೋದ ಹಾಗೆ ಹುಣಸೆ ಬೀಜ ತಗೊಂಡು ಹೋಗಬೇಡಿ. ಮೂರು ವರ್ಷದವರೂ ಅಲ್ಲೇ ಇರುತ್ತಾರೆ, ಬಾಯಿಗೋ ಮೂಗಿಗೋ ಹಾಕಿಕೊಂಡುಬಿಡುತ್ತಾರೆ. ಡಬ್ಬಿಗಳ ದೊಡ್ಡ ಮುಚ್ಚಳ ಹನ್ನೆರಡು ತೊಳೆದು ಒಣಗಿಸಿ ತಗೊಂಡು ಹೋಗಿ. ಬರುವಾಗ ಎಣಿಸಿಕೊಂಡು ಬನ್ನಿ.