ಅಪ್‌ಡೇಟ್: ಮಡಿಕೇರಿ ಟ್ರಿಪ್‌ಗೆ ಬಟ್ಟೆ ತುಂಬ್ಕೊಂಡ್ ಹೋಗೋದಾ, ಅಲ್ಲೇ ಒಗೆಯೋದಾ

ಹೋದ ವಾರ ಕೇಳಿದ್ನಲ್ಲ, ಜುಲೈ ಮಳೇಲಿ ಮಡಿಕೇರಿ, ಆಮೇಲೆ ಮಂಗಳೂರು, ಒಟ್ಟು 6 ದಿನ, ಇಬ್ರು ಮಕ್ಳು, ಡಬಲ್ ಬಟ್ಟೆ ಒಯ್ಯೋದಾ ಇಲ್ಲಾ ಅಲ್ಲೇ ಒಗ್ಕೊಳ್ಳೋದಾ ಅಂತ. ನಿನ್ನೆ ರಾತ್ರಿ ವಾಪಸ್ ಬಂದ್ವಿ.

"ಮೂರು ಜೊತೆ ಸಾಕು, ರಾತ್ರಿ ಒಗೆದು ಫ್ಯಾನ್ ಕೆಳಗೆ ಹಾಕಿ" ಅಂದಿದ್ರಲ್ಲ, ಮಡಿಕೇರೀಲಿ ಅದು ಪೂರ್ತಿ ಫ್ಲಾಪ್, ನಮ್ಮ ರೂಮಲ್ಲಿ ಫ್ಯಾನೇ ಇರ್ಲಿಲ್ಲ ಮಾರಾಯ್ರೆ! ಅಬ್ಬಿ ಫಾಲ್ಸ್ ಹತ್ರ ನೆಂದ ಮಗನ ಜೀನ್ಸ್ ಎರಡು ದಿನ ಆದ್ರೂ ಸೊಂಟದ ಪಟ್ಟಿ ಹತ್ರ ಒದ್ದೆ, ಮುಗ್ಗಲು ವಾಸ್ನೆ ಬೇರೆ.

ವರ್ಕ್ ಆಗಿದ್ದು ಟವಲ್ ಐಡಿಯಾ. ಹಿಂಡಿದ ಟೀಶರ್ಟ್‌ನ ಒಣ ಟವಲ್ ಮೇಲೆ ಹಾಸಿ, ಚಾಪೆ ಥರ ಸುತ್ತಿ, ಮಂಡಿ ಊರಿ ಒತ್ತೋದು. ಹೇಳಿದೋರಿಗೆ ನನ್ ಕಡೆಯಿಂದ ಒಂದು ಫಿಲ್ಟರ್ ಕಾಫಿ ಬಾಕಿ. ಪಾಲಿಯೆಸ್ಟರ್ ಟೀಶರ್ಟ್ ಬೆಳಿಗ್ಗೆಗೆ ರೆಡಿ, ಕಾಟನ್ ಆಗ್ಲಿಲ್ಲ.

ಗೊತ್ತಿಲ್ದೇ ಇದ್ದಿದ್ದು ಎಸಿ ವಿಷ್ಯ. ಅದು ತಣ್ಣಗೆ ಮಾಡ್ತಾ ಗಾಳೀಲಿರೋ ತೇವಾನೂ ಎಳೆದು ಪೈಪಲ್ಲಿ ನೀರಾಗಿ ಹೊರಗೆ ಬಿಡುತ್ತಲ್ಲ, ಮಂಗಳೂರಲ್ಲಿ ಎಸಿ ರೂಮಲ್ಲಿ ಹ್ಯಾಂಗರ್‌ಗೆ ಹಾಕಿದ್ದ ಕಾಟನ್ ಕುರ್ತಾ ಬೆಳಿಗ್ಗೆ ಗರಿಗರಿ. ಹೋಟೆಲ್ ಲಾಂಡ್ರಿ ಮಾತ್ರ ಬೇಡ, ಪೀಸ್ ಲೆಕ್ಕ, ಒಂದ್ ಚಡ್ಡಿಗೆ ಕೇಳಿದ ರೇಟಲ್ಲಿ ಹೊಸದೇ ಬರುತ್ತೆ. ಸಾಕ್ಸ್ ಮಾತ್ರ ದಿನಕ್ಕೆರಡು ಜೊತೆ ಒಯ್ದಿದ್ದೆ, ಅದೂ ಸಾಲ್ಲಿಲ್ಲ.