ಗುಜರಿ ಶೆಡ್‌ನ ಹುಡುಗರಿಗೆ ಯಾವ ಟೆಸ್ಟ್ ಮಾಡಿಸಬೇಕು?

ಕೇಳಿದವರು, ಕಲಬುರಗಿ

ಕಪನೂರು ಕಡೆ ನಮ್ಮ ಮಾವನವರ ಶೆಡ್ ಇದೆ. ಹಳೇ ಕಂಪ್ಯೂಟರ್, ಟಿವಿ ಬಿಚ್ಚುವ ಕೆಲಸ. 11 ಜನ ಇದ್ದಾರೆ, ಲೆಕ್ಕ ನೋಡಿಕೊಳ್ಳುವುದು ನಾನು. ಒಬ್ಬ ಹುಡುಗನಿಗೆ ಎರಡು ತಿಂಗಳಿಂದ ಹೊಟ್ಟೆ ನುಲಿತ, ಸುಸ್ತು. ಗ್ಯಾಸ್ ಗುಳಿಗೆ ನುಂಗಿದ್ದೇ ಬಂತು. ಬೋರ್ಡ್ ಕಾಯಿಸಿ ಸೋಲ್ಡರ್ (ಸೀಸ ಬೆರೆತ ಬೆಸುಗೆ) ಬಿಡಿಸುವವನು ಅವನೇ. ಮೈಗೆ ಸೀಸ ಏರಿದೆಯಾ ಅಂತ ನನ್ನ ಅನುಮಾನ. ಎಲ್ಲರಿಗೂ ಟೆಸ್ಟ್ ಮಾಡಿಸಬೇಕಾ? ಯಾವುದು, ಎಷ್ಟು ಸಲ?

ಲ್ಯಾಬ್ ಕೆಲಸದವರು, ಕಲಬುರಗಿ

ಶರಣ್ರಿ ಅಣ್ಣಾ. ಮೊದಲು ಆ ಹುಡುಗನಿಗೆ ರಕ್ತದಲ್ಲಿ ಸೀಸ ಎಷ್ಟಿದೆ ನೋಡಿಸಿ, ಜೊತೆಗೆ ಹಿಮೋಗ್ಲೋಬಿನ್. ಕಬ್ಬಿಣದ ಅಂಶ ಕಡಿಮೆ ಇರುವ ಮೈ ಸೀಸವನ್ನು ಜಾಸ್ತಿ ಎಳೆದುಕೊಳ್ಳುತ್ತದೆ.

ಬೆರಳು ಚುಚ್ಚಿ ತೆಗೆಯುವುದು ಬೇಡ. ನಾನು ಒಮ್ಮೆ ಹಾಗೆ ಮಾಡಿ ಮೋಸ ಹೋಗಿದ್ದೇನೆ. ಬೆರಳ ಮೇಲಿನ ಧೂಳು ಬೆರೆತು ಅಂಕಿ ಸಿಕ್ಕಾಪಟ್ಟೆ ಬಂತು. ಆ ಮನುಷ್ಯ ಹೆದರಿ ಎರಡು ದಿನ ಊಟ ಬಿಟ್ಟಿದ್ದ. ತೋಳಿನ ನರದಿಂದ ಮತ್ತೆ ತೆಗೆದರೆ ಅದರ ಅರ್ಧವೂ ಇರಲಿಲ್ಲ. ಸ್ನಾನ ಮಾಡಿ, ಒಗೆದ ಬಟ್ಟೆ ಹಾಕಿಕೊಂಡು ಲ್ಯಾಬಿಗೇ ಬರಲಿ. ಶೆಡ್‌ನಲ್ಲಿ ಕೂರಿಸಿ ರಕ್ತ ತೆಗೆಸಬೇಡಿ. ಟೆಸ್ಟ್ ಇಲ್ಲೇ ಆಗಲ್ಲ, ನಾವು ಹೈದರಾಬಾದಿಗೆ ಕಳಿಸುತ್ತೇವೆ.

ರಿಪೋರ್ಟ್‌ನಲ್ಲಿ 'ನಾರ್ಮಲ್' ಅಂತ ಅಚ್ಚಾಗಿದ್ದರೂ ಅಂಕಿ ನೋಡಿ. ಡೆಸಿಲೀಟರಿಗೆ (100 ಮಿ.ಲೀ. ರಕ್ತಕ್ಕೆ) 5 ಮೈಕ್ರೋಗ್ರಾಂ ಮುಟ್ಟಿದರೆ ಸೀಸ ಎಲ್ಲಿಂದ ಬಂತು ಹುಡುಕಿ, ಅದನ್ನು ನಿಲ್ಲಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಅದಕ್ಕಿಂತ ಕಡಿಮೆ ಇದ್ದರೆ ಪರವಾಗಿಲ್ಲ ಅಂತಲೂ ಅಲ್ಲ. ರಕ್ತದಲ್ಲಿರುವ ಸೀಸ ಸುಮಾರು ಒಂದು ತಿಂಗಳಿಗೆ ಅರ್ಧ ಇಳಿಯುತ್ತದೆ, ಮೂಳೆಗೆ ಸೇರಿದ್ದು ವರ್ಷಗಟ್ಟಲೆ ಅಲ್ಲೇ ಕೂರುತ್ತದೆ. ಹಾಗಾಗಿ ಒಂದು ರಿಪೋರ್ಟ್ ಹಿಡಿದು ಏನೂ ತೀರ್ಮಾನಿಸಲು ಆಗಲ್ಲ. ಕೆಲಸದ ರೀತಿ ಬದಲಿಸಿ, ಎರಡು ಮೂರು ತಿಂಗಳು ಬಿಟ್ಟು ಅದೇ ಲ್ಯಾಬ್‌ನಲ್ಲಿ ಮತ್ತೆ ನೋಡಿಸಿ. ಇಳಿಯದಿದ್ದರೆ ಸೀಸ ಇನ್ನೂ ಒಳಗೆ ಹೋಗುತ್ತಿದೆ ಅಂತ ಅನುಮಾನಿಸಬೇಕು.

ಸೀಸದ್ದು ಎಲ್ಲರಿಗೂ ಮಾಡಿಸಿ. ಮಿಕ್ಕಿದ್ದೆಲ್ಲ ಎಲ್ಲರಿಗೂ ಬೇಡ, ಸುಮ್ನೆ ದುಡ್ಡು ದಂಡ. ಹಳೇ ನಿಕ್ಕಲ್ ಬ್ಯಾಟರಿ ಒಡೆಯುವವರಿಗೆ ಮೂತ್ರದಲ್ಲಿ ಕ್ಯಾಡ್ಮಿಯಂ. ಬೀಡಿ ಸೇದುತ್ತಾರಾ ಕೇಳಿ ಬರೆದುಕೊಳ್ಳಿ, ಅದರ ಹೊಗೆಯಲ್ಲೂ ಕ್ಯಾಡ್ಮಿಯಂ ಇದೆ. ಟ್ಯೂಬ್‌ಲೈಟ್, ಹಳೇ ಎಲ್‌ಸಿಡಿ ಪರದೆಯ ಒಳಗಿನ ದೀಪ ಬಿಚ್ಚುವವರಿಗೆ ಪಾದರಸ, ಅದೂ ಮೂತ್ರದಲ್ಲೇ.

ಮೊದಲು ಇದೇ ಕೆಲಸ ಮಾಡಿದವರು, ಬೀದರ್

ಟೆಸ್ಟ್ ಅಂದ ಕೂಡಲೇ ಹುಡುಗರು ಬೆದರುತ್ತಾರೆ ಅಣ್ಣಾ. ನಾನಿದ್ದ ಕಡೆ ರಿಪೋರ್ಟ್ ಕೆಟ್ಟು ಬಂದ ಇಬ್ಬರಿಗೆ 'ಮನಿಗೆ ಹೋಗ್ರಿ' ಅಂದರು. ಮುಂದಿನ ಸಲ ರಕ್ತ ಕೊಡುವ ದಿನ ಏಳು ಜನ ರಜೆ! ಅಂಕಿ ಏರಿದರೆ ಕೆಲಸ ಬದಲಾಗುತ್ತದೆ, ಕೂಲಿ ಕಡಿಮೆ ಆಗಲ್ಲ ಅಂತ ಮೊದಲೇ ಮಾತು ಕೊಡಿ. ರಿಪೋರ್ಟ್ ಅವರವರ ಕೈಗೇ ಕೊಡಿ.

ಇನ್ನೊಂದು, ಊಟದ ಹೊತ್ತಿಗೆ ಶೆಡ್‌ನಲ್ಲಿ ನಿಂತು ನೋಡಿ. ನಾವು ರೊಟ್ಟಿ ಗಂಟನ್ನು ಬೋರ್ಡ್ ಕಾಯಿಸುವ ಒಲೆ ಪಕ್ಕದ ಮೊಳೆಗೆ ನೇತುಹಾಕುತ್ತಿದ್ದೆವು. ಒಂದಿನ ಬಿಳಿಜೋಳದ ರೊಟ್ಟಿ ಮುರಿದೆ. ಹಿಡಿದ ಕಡೆಯೆಲ್ಲ ಬೆರಳಿನ ಬೂದು ಗುರುತು. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡಿದ್ದೆ, ಅಷ್ಟೇ. ಶೇಂಗಾ ಹಿಂಡಿ ಹಚ್ಚಿಕೊಂಡು ಅದನ್ನೇ ತಿಂದೆ. ಬೆಲ್ಲ ತಿಂದರೆ ಧೂಳು ಇಳಿಯುತ್ತದೆ ಅಂತ ಮಾಲೀಕರು ಸಂಜೆಗೊಂದು ತುಂಡು ಬೆಲ್ಲ ಕೊಡುತ್ತಿದ್ದರು. ಅದೂ ಅದೇ ಕೈಯಲ್ಲಿ!

ಭಂಗಾರದಲ್ಲಿ, ಅಂದರೆ ಗುಜರಿಯಲ್ಲಿ, ಬಂಗಾರ ಹುಡುಕಲು ಆಸಿಡ್ ಡಬ್ಬಿ ಏನಾದರೂ ಇಟ್ಟಿದ್ದೀರಾ? ಇದ್ದರೆ ಇವತ್ತೇ ನಿಲ್ಲಿಸಿ. ಆ ಕಂದು ಹೊಗೆ ಕುಡಿದವನು ಸಂಜೆ ನಗುತ್ತಾ ಮನೆಗೆ ಹೋಗಿ, ರಾತ್ರಿ ಉಸಿರಿಗೆ ಒದ್ದಾಡಬಹುದು. ಸೀಸದ ಟೆಸ್ಟ್‌ನಲ್ಲಿ ಅದು ಗೊತ್ತಾಗಲ್ಲ. ಮುಖಕ್ಕೆ ಟವೆಲ್ ಕಟ್ಟಿದರೆ ಹೊಗೆ ನಿಲ್ಲಲ್ಲ. ಮೇ ತಿಂಗಳ ಬಿಸಿಲಿಗೆ ಒಳ್ಳೇ ಮಾಸ್ಕನ್ನೂ ಕಿತ್ತು ಬಿಸಾಕುತ್ತಾರೆ. ಒಲೆ ಹತ್ತಿರವೇ ಹೊಗೆ ಎಳೆದು ಹೊರಗೆ ಹಾಕುವ ಫ್ಯಾನ್ ಕೂರಿಸಿ.

ಯಾದಗಿರಿಯಿಂದ

ಆರ್ಸೆನಿಕ್ ಟೆಸ್ಟ್ ಯಾರಾದರೂ ಬರೆದುಕೊಟ್ಟರೆ, ಹುಡುಗರು ಯಾವ ಊರಿನವರು ಕೇಳಿ. ನಮ್ಮ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಲ್ಲೇ ಆರ್ಸೆನಿಕ್ ಸಿಕ್ಕಿತ್ತು. ಎಲ್ಲವೂ ಶೆಡ್‌ನಿಂದಲೇ ಬಂದಿರಬೇಕು ಅಂತೇನಿಲ್ಲ.

ಇಎಸ್‌ಐ ವಿಷಯ ಗೊತ್ತಿದ್ದವರು, ಕಲಬುರಗಿ

11 ಜನ ಅಂದಿರಿ. 10 ಜನ ಇದ್ದರೂ ಸಾಕು, ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಬರುತ್ತದೆ, ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ದವರಿಗೆ. ಹೆಸರು ಹಚ್ಚಿಸಿದ್ದರೆ ಸೇಡಂ ರಸ್ತೆಯ ಇಎಸ್‌ಐ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅವನು ಏನು ಕೆಲಸ ಮಾಡುತ್ತಾನೆ ಅಂತ ಚೀಟಿಯಲ್ಲಿ ಬರೆಸಲೇಬೇಕು. ಬರೆಸದಿದ್ದರೆ ಮತ್ತೆ ಗ್ಯಾಸ್ ಗುಳಿಗೆಯೇ. ಸೀಸದ ವಿಷ 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆ. 2023ರ ಏಪ್ರಿಲ್‌ನಿಂದ ಜಾರಿಯಾದ ಇ-ತ್ಯಾಜ್ಯ ನಿಯಮದಲ್ಲೂ ಈ ಕೆಲಸಗಾರರ ಆರೋಗ್ಯವನ್ನು ವರ್ಷಕ್ಕೊಮ್ಮೆ ನೋಡುವ ಹೊಣೆ ಕಾರ್ಮಿಕ ಇಲಾಖೆಗಿದೆ. ಬರಲಿ ಅಂತ ಕಾಯಬೇಡಿ, ನೀವೇ ಅರ್ಜಿ ಕೊಡಿ.

ಒಬ್ಬ ತಾಯಿ, ಬೀದರ್

ಅಣ್ಣಾ, ಅವರ ಮನೆಯ ಮಕ್ಕಳನ್ನು ಮರೆಯಬೇಡಿ. ನಮ್ಮ ಮನೆಯವರದು ಇದೇ ಕೆಲಸ. ಅವರ ರಕ್ತದಲ್ಲಿ ಸೀಸ 14 ಬಂತು. ಮೂರು ವರ್ಷದ ಮಗಳಿಗೂ ನೋಡಿಸಿದರೆ 9! ಅವಳು ಶೆಡ್ ಕಂಡವಳೇ ಅಲ್ಲ. ಸಂಜೆ ಅಪ್ಪ ಬಂದ ಕೂಡಲೇ ಅಂಗಿ ಹಿಡಿದು ಎದೆ ಹತ್ತುತ್ತಿದ್ದಳು. ಈಗ ಅವರು ಅಲ್ಲೇ ಮೈ ತೊಳೆದು, ಬಟ್ಟೆ ಬದಲಿಸಿ ಬರುತ್ತಾರೆ. ಕೆಲಸದ ಬಟ್ಟೆ ಬೇರೆಯೇ ಒಗೆಯುತ್ತೇನೆ. ಕಸ ಗುಡಿಸುವುದು ಬಿಟ್ಟು ಒದ್ದೆ ಬಟ್ಟೆಯಲ್ಲಿ ನೆಲ ಒರೆಸುತ್ತೇನೆ. ಐದು ತಿಂಗಳಾದ ಮೇಲೆ ಅವಳದು 5ಕ್ಕೆ ಬಂದಿದೆ.

ಕೇಳಿದವರು

ಎಲ್ಲರಿಗೂ ಶರಣು. ನಮ್ಮಲ್ಲೂ ಆ ಮೊಳೆ ಇದೆ. ಇವತ್ತು ನೋಡಿದೆ, ಒಂಬತ್ತು ಬುತ್ತಿ ನೇತಾಡುತ್ತಿದ್ದವು. ಹೊರಗಿನ ಬೇವಿನ ಮರದ ಕಡೆ ಒಂದು ಬೆಂಚು, ನೀರಿನ ಡ್ರಮ್ಮು, ಸಾಬೂನು ಇಡಿಸಿದ್ದೇನೆ. ಗುರುವಾರ ಆ ಹುಡುಗನ ರಕ್ತ ತೆಗೆಸುತ್ತೇವೆ, ಅವನಿಗೆ ಎರಡು ವರ್ಷದ ಮಗ ಇದ್ದಾನೆ, ಅವನದೂ. ಕೂಲಿ ಕಡಿಮೆ ಮಾಡಬಾರದು ಅನ್ನುವುದನ್ನು ಮಾವನವರಿಗೆ ಇನ್ನೂ ಹೇಳಿಲ್ಲ.